ಒತಿಲಿಯಾ ಹೇಳಿದ ‘ಯಾ’

ಅಮೆರಿಕದ ಗಡಿಯ ಊರು ಎಲ್ ಪಾಸೊದ ಒಂದು ಸಣ್ಣ ಕಾರ್ಖಾನೆಯಲ್ಲಿ ಒತಿಲಿಯಾ ಅರ್ಮೆಂದಾರಿಸ್ ಮತ್ತು ಎವರಾರ್ದೊ ಲುಹಾನ್ ಒಂದೇ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಹಾಕಿ ಕೂರುತ್ತಿದ್ದರು. ಎವರಾರ್ದೊನ ಯಂತ್ರ ಕರಗಿದ ಪ್ಲಾಸ್ಟಿಕ್ಕನ್ನು ಪದರದ ಮೇಲೆ ಪದರವಾಗಿ ಸುರಿದು ವಸ್ತುವನ್ನು ಕಟ್ಟುತ್ತಿತ್ತು. ಅರ್ಧಕ್ಕೆ ಬಂದಾಗ ನಿಲ್ಲುತ್ತಿತ್ತು. ಆಗ ಒತಿಲಿಯಾ ಗುಳಿಯಲ್ಲಿ ಚಿಪ್ ಕೂರಿಸಿ, ಕೂದಲೆಳೆಯಂಥ ತಾಮ್ರದ ತಂತಿಯನ್ನು ಕಾಯಿಸಿ ಪ್ಲಾಸ್ಟಿಕ್ಕಿನೊಳಗೆ ಒತ್ತುತ್ತಿದ್ದಳು. ಮುಗಿದಾಗ ‘ಯಾ’ ಎನ್ನುತ್ತಿದ್ದಳು, ಅವರ ಸ್ಪ್ಯಾನಿಷ್‌ನಲ್ಲಿ ‘ಆಯ್ತು’ ಎಂದು. ಅವನು ಗುಂಡಿ ಒತ್ತುತ್ತಿದ್ದ. ಮೇಲಿನ ಪದರಗಳು ಎಲ್ಲವನ್ನೂ ಮುಚ್ಚುತ್ತಿದ್ದವು. ಆಮೇಲೆ ಒಡೆಯದೆ ಒಳಗನ್ನು ಮುಟ್ಟುವಂತಿರಲಿಲ್ಲ.

ಒತಿಲಿಯಾ ಹುಟ್ಟಿದ್ದು ಗಡಿಯ ನದಿಯಾಚೆ, ಮೆಕ್ಸಿಕೊದ ಹ್ವಾರೆಸ್‌ನಲ್ಲಿ. ಚಿಕ್ಕ ವಯಸ್ಸಿಗೇ ಟಿವಿ ಕಾರ್ಖಾನೆಯಲ್ಲಿ ಬೆಸುಗೆ ಹಾಕಲು ಕೂತವಳು. ಗಂಡ ಬಿಟ್ಟುಹೋದ ಮೇಲೆ ಸೇತುವೆ ದಾಟಿ ಬಂದು, ಹಗಲು ಶಾಲೆಗಳ ನೆಲ ಒರೆಸಿ, ಸಂಜೆ ಕಾಲೇಜಿನಲ್ಲಿ ಓದಿ ಈ ಕುರ್ಚಿ ಗಿಟ್ಟಿಸಿದ್ದಳು. ಅವಳ ಬಾಯಿಂದ ಮೆತ್ತನೆಯ ಮಾತು ಬಂದದ್ದನ್ನು ಯಾರೂ ಕೇಳಿರಲಿಲ್ಲ.

ಇಬ್ಬರ ಕೆಲಸವನ್ನೂ ಮಾಡುವ ಒಂದೇ ಹೊಸ ಯಂತ್ರ ತರಿಸುತ್ತೇವೆ, ನಡೆಸಲು ಒಬ್ಬರು ಸಾಕು ಎಂದು ಮ್ಯಾನೇಜರ್ ಹ್ಯಾಸ್ಕೆಲ್ ಹೇಳಿದಂದಿನಿಂದ ಕೋಣೆಗೆ ಬೆಂಕಿ ಬಿತ್ತು. ಎವರಾರ್ದೊ ಅವಳನ್ನು ‘ದೋನ್ಯಾ’, ಅಂದರೆ ಹಿರಿಯಮ್ಮ, ಎಂದು ಕರೆಯತೊಡಗಿದ. ಗೌರವಕ್ಕಲ್ಲ, ವಯಸ್ಸನ್ನು ಚುಚ್ಚಲು.

“ದೋನ್ಯಾ, ಕನ್ನಡಕ ಮನೇಲೇ ಬಿಟ್ಟು ಬಂದ್ರಾ? ಪ್ಲಾಸ್ಟಿಕ್ ತಣ್ಣಗಾಗ್ತಿದೆ.”

“ಆಗ್ಲಿ. ಜೊತೆಗೆ ನಿನ್ನ ಬಾಯಿನೂ ತಣ್ಣಗಾದ್ರೆ ಪುಣ್ಯ.”

ಪೆಕಾನ್ ಕಾಯಿಯ ತೋಟದ ಯಜಮಾನ ಪ್ರೊವೆನ್ಸಿಯೊ ಬಂದ ದಿನವೇ ಯಾರು ಉಳಿಯಬೇಕೆಂಬ ತೀರ್ಮಾನ ಎಂದು ಹ್ಯಾಸ್ಕೆಲ್ ಹೇಳಿದ್ದ. ಮರದ ಬುಡಕ್ಕೆ ಚುಚ್ಚಿದರೆ ಮಣ್ಣಿನ ತೇವ ತಿಳಿಸುವ ಗೂಟವೊಂದನ್ನು ಅವನ ಕಣ್ಣೆದುರೇ ಮಾಡಬೇಕಿತ್ತು. ಯಂತ್ರ ನಿಂತಿತು. ಒತಿಲಿಯಾ ಚಿಪ್ ಇಟ್ಟಳು, ತಂತಿ ಒತ್ತಿದಳು. ತಂತಿಯ ತುದಿ ಮೇಲೆದ್ದಿತು.

“ಬೇಗ, ದೋನ್ಯಾ! ಇವರ ತೋಟದಲ್ಲಿ ಕಾಯಿ ಉದುರೋ ಕಾಲ ಬಂತು.”

‘ತಡಿ’ ಎನ್ನಬಹುದಿತ್ತು. ಎಂದರೆ ಕೆಲಸ ನಿಂತು, ತಂತಿ ಎದ್ದದ್ದು ಹ್ಯಾಸ್ಕೆಲ್‌ನ ಕಣ್ಣಿಗೆ ಬೀಳುತ್ತಿತ್ತು. ಅವಳು ಚಿಮಟಕ್ಕೆ ಕೈಚಾಚುತ್ತಾ ಗದರಿದಳು: “ಯಾ, ಎವರಾರ್ದೊ!”

ಅವನು ಗುಂಡಿ ಒತ್ತಿಬಿಟ್ಟ. ಪ್ಲಾಸ್ಟಿಕ್ ಸುರಿಯುವ ಬಿಸಿ ಮೂತಿ ಅವಳ ಬೆರಳಿನ ಗಿಣ್ಣನ್ನು ಸುಟ್ಟು, ತಂತಿಯನ್ನು ಎಳೆದುಕೊಂಡು ಹೋಗಿ, ಮೇಲೆ ಪ್ಲಾಸ್ಟಿಕ್ ಮುಚ್ಚಿತು. ಸಿದ್ಧವಾದ ಗೂಟ ನೋಡಲು ನುಣುಪಾಗಿತ್ತು. ಒದ್ದೆ ಮಣ್ಣಿಗೆ ಚುಚ್ಚಿದರೆ ಏನನ್ನೂ ತಿಳಿಸದ ಹೆಣ.

“ಅವಳು ಏನಂದ್ಲು?” ಹ್ಯಾಸ್ಕೆಲ್‌ಗೆ ಅವರ ಭಾಷೆ ಬಾರದು.

“ಆಯ್ತು ಅಂದ್ರು ಸಾರ್, ಒತ್ತಿದೆ.”

“ಸಾಕು, ಬಾಯ್ಮುಚ್ಚು ಅಂದೆ! ನಿಮ್ಮಮ್ಮ ಮಕ್ಕಳ ಗಲಾಟೆಗೆ ‘ಯಾ’ ಅಂತ ಗದರಿದ್ರೆ, ಅಡುಗೆ ಆಯ್ತು ಅಂತ ತಟ್ಟೆ ಹಿಡ್ಕೊಂಡು ಓಡ್ತಿದ್ಯಾ?” ಒತಿಲಿಯಾ ಅವನತ್ತ ತಿರುಗಿದಳು.

“ಪದ ಒಂದೇ ಅಲ್ವಾ ಸಾರ್?”

ಪ್ರೊವೆನ್ಸಿಯೊ ನಗು ತಡೆಯಲಾರದೆ ಗೋಡೆಗೆ ಒರಗಿದ. “ಪದ ಒಂದೇ ಕಣಯ್ಯಾ. ಆದ್ರೆ ಆ ದನಿ ನಮ್ಮಜ್ಜನ ಹೇಸರಗತ್ತೆಗೂ ಅರ್ಥ ಆಗ್ತಿತ್ತು. ಬೇಕಂತಲೇ ಒತ್ತಿದ್ದೀಯ.”

ಎವರಾರ್ದೊನ ಕಿವಿ ಕೆಂಪಾಯಿತು. ಹ್ಯಾಸ್ಕೆಲ್‌ಗೆ ಅಷ್ಟೇ ಸಾಕಾಯಿತು. ತಂತಿ ಮೊದಲೇ ಎದ್ದಿತ್ತೆಂದು ಒತಿಲಿಯಾ ಬಾಯಿಬಿಡಲಿಲ್ಲ. ಸುಟ್ಟ ಬೆರಳನ್ನು ನೀರಿಗೆ ಹಿಡಿದು ನಿಂತಳು.

ವಾರ ಕಳೆದು ಹೊಸ ಯಂತ್ರ ಅವಳ ಕೈಗೆ ಬಂತು. ಎವರಾರ್ದೊ ತನ್ನ ಸಾಮಾನು ಚೀಲಕ್ಕೆ ತುಂಬುತ್ತಿದ್ದಾಗ ಅವಳ ಮೊದಲ ಗೂಟದ ಬುಡದ ಮೂಲೆ ಯಂತ್ರದ ತಟ್ಟೆಯಿಂದ ಮೇಲೇಳತೊಡಗಿತು. ಅವನೂ ನೋಡಿದ.

“ಯಾಕೆ ಏಳ್ತಿದೆ ಗೊತ್ತು ನಂಗೆ,” ಎಂದ. “ಕೇಳಿದ್ರೆ ಹೇಳ್ತೀನಿ.”

“ಬಾಗಿಲು ಆ ಕಡೆ ಇದೆ.”

ಅವನು ಹೋಗುವವರೆಗೂ ಅವಳು ಯಂತ್ರವನ್ನು ಓಡಲು ಬಿಟ್ಟಳು. ಹೋದ ಮೇಲೆ ನಿಲ್ಲಿಸಿ, ಸೊಟ್ಟಗಾದ ಪ್ಲಾಸ್ಟಿಕ್ಕನ್ನು ಕಿತ್ತು ಬುಟ್ಟಿಗೆಸೆದು, ಎರಡನೆಯದಕ್ಕೆ ಕೂತಳು. ಅದೂ ಎದ್ದಿತು.