ನಾಲ್ಕೇ ಸಾಲಿನ ಕವಿ

ಆದೋನಿಯಲ್ಲಿ ನಮ್ಮ ಕಡೆಯವರು ಯಾರು ತೀರಿಕೊಂಡರೂ ಶ್ರದ್ಧಾಂಜಲಿಯ ಪದ್ಯ ಬರೆಯುತ್ತಿದ್ದವರು ಬಸ್ ಸ್ಟ್ಯಾಂಡ್ ಹತ್ತಿರದ ಫ್ಲೆಕ್ಸ್ ಅಂಗಡಿಯವರು. ತೆಲುಗೋ ಕನ್ನಡವೋ ಎಂದು ಕೇಳಿ, ಕನ್ನಡಕ ಹಣೆಗೇರಿಸಿ, ಟೈಪ್ ಮಾಡತೊಡಗುತ್ತಿದ್ದರು. ಅಪ್ಪನಿಗೆ ಆಲದ ಮರ, ಹೆಂಡತಿಗೆ ಮನೆಯ ದೀಪ.

ನಮ್ಮಪ್ಪ ಹೋದಾಗ ನಾನೇ ಅಳುತ್ತ ಬರೆದ ಹನ್ನೆರಡು ಸಾಲು ಒಯ್ದಿದ್ದೆ. ಅದರಲ್ಲಿ ಅಪ್ಪನ ಸೈಕಲ್ಲಿತ್ತು, ಬೀಡಿಯಿತ್ತು. ಅವರು ಪೆನ್ನಿನ ತುದಿಯಿಂದ ಎಣಿಸಿ ಎಂಟು ಸಾಲು ಹೊಡೆದುಹಾಕಿದರು. ಉಳಿದ ನಾಲ್ಕರಲ್ಲಿ ಆಲದ ಮರ ನೆಟ್ಟರು.

"ದುಃಖ ಎಷ್ಟಾರ ಇರ್ಲಿರಿ, ನಾಲ್ಕ ಸಾಲಿಗೆ ಮುಗಸಬೇಕು. ಐದನೇದು ಬಂತಂದ್ರ ಫೋಟೋಕ್ಕ ಜಾಗ ಉಳಿಯಂಗಿಲ್ಲ." ಎಲ್ಲರಿಗೂ ಇದನ್ನೇ ಹೇಳುತ್ತಿದ್ದರು.

ಹೋದ ವರ್ಷ ಅವರ ಹೆಂಡತಿ ತೀರಿಕೊಂಡರು. ಅಂಗಡಿಯ ಮುಂದೆ ಕಟ್ಟಿದ್ದ ಫ್ಲೆಕ್ಸಿನ ತುಂಬ, ಮೇಲಿನಿಂದ ಕೆಳತನಕ, ಬರೀ ಅಕ್ಷರ. ಅರ್ಧ ತೆಲುಗು, ಅರ್ಧ ಕನ್ನಡ. ಮನೆಯ ದೀಪ ಎಲ್ಲೂ ಇರಲಿಲ್ಲ. ಮೊದಲ ಸಾಲೇ, ಚಪ್ಪಲಿ ಹೊರಗೆ ಬಿಡಲಿಲ್ಲವೆಂದು ಹೆಂಡತಿ ತೆಗೆದಿದ್ದ ಜಗಳ.

"ಅಕ್ಕಾರ ಫೋಟೋ ಎಲ್ಲೈತ್ರಿ?" ಎಂದೆ.

ಅವರು ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ.

"ಅದು ಎರಡನೇ ಫ್ಲೆಕ್ಸಿಗೆ ಬರ್ತೈತ್ರಿ. ಇದ್ರಾಗ ಆಕಿ ಬೈಗುಳಾನ ಇನ್ನಾ ಮುಗದಿಲ್ಲ."