ದೊಡ್ಡಮ್ಮ ರುಚಿ ನೋಡದ ನೀರು

ಚನ್ನರಾಯಪಟ್ಟಣದ ಬಸ್ಸಿನಲ್ಲಿ ಪಕ್ಕದವರು ಅಂಗೈಯಲ್ಲಿ ಹೊಗೆಸೊಪ್ಪು ತಿಕ್ಕಿದರೆ ಸಾಕು, ಆ ಘಾಟಿಗೆ ನನ್ನ ಕಣ್ಣು ತಾನಾಗಿ ಕಾಲಬುಡಕ್ಕೆ ಹೋಗುತ್ತದೆ. ಅಲ್ಲಿ ನಾಯಿಯೊಂದು ಸೆಟೆದುಕೊಂಡು ಬಿದ್ದಿದೆಯೇನೋ ಎಂದು ಹುಡುಕುತ್ತೇನೆ. ಚೀಲಗಳಿರುತ್ತವೆ, ಚಪ್ಪಲಿಗಳಿರುತ್ತವೆ. ಆದರೂ ನಾನು ಪಾಠ ಮಾಡುವ ಶಾಲೆಯ ಸ್ಟಾಪು ಬರುವವರೆಗೂ ಮತ್ತೆ ಮತ್ತೆ ಬಗ್ಗಿ ನೋಡುತ್ತಲೇ ಇರುತ್ತೇನೆ.

ಆ ನಾಯಿ ನನ್ನ ದೊಡ್ಡಮ್ಮನದು. ಅವರ ಊರು ಅರಕಲಗೂಡಿನ ಆಚೆ, ರುದ್ರಪಟ್ಟಣದ ಕಡೆ. ದೊಡ್ಡಪ್ಪ ಹೊಗೆಸೊಪ್ಪು ಬೆಳೆಯುತ್ತಾರೆ. ಮನೆಯ ಹಿಂದೆಯೇ ಬ್ಯಾರನ್, ಅಂದರೆ ಸೊಪ್ಪನ್ನು ಬಿಸಿಗಾಳಿಯಲ್ಲಿ ಒಣಗಿಸಿ ಹದ ಮಾಡುವ ಕೋಣೆ, ಇದೆ. ಯಾರೋ ರಸ್ತೆ ಬದಿ ಬಿಟ್ಟುಹೋಗಿದ್ದ ಕೆಂಚು ಮರಿಯನ್ನು ದೊಡ್ಡಮ್ಮ ಸೆರಗಿನಲ್ಲಿ ಸುತ್ತಿ ತಂದಿದ್ದರು. ಹೆಸರು ಅಂತ ಇಡಲೇ ಇಲ್ಲ. ‘ಕೂಸು’ ಎಂದರೆ ಓಡಿ ಬರುತ್ತಿತ್ತು.

ಕೂಸಿಗೆ ಏನಾದರೂ ದೊಡ್ಡಮ್ಮನೇ ಡಾಕ್ಟರು. ಹೊಟ್ಟೆ ಕೆಟ್ಟರೆ ದಾಳಿಂಬೆ ಸಿಪ್ಪೆ ಅರೆದು ಮಜ್ಜಿಗೆಯಲ್ಲಿ ಕದಡಿ ಕುಡಿಸುತ್ತಿದ್ದರು. ತುರಿಕೆಗೆ ಬೇವಿನೆಲೆ, ಅರಿಶಿನ, ಹೊಂಗೆ ಎಣ್ಣೆ. ಒಮ್ಮೆ ಕಿವಿಯ ಹಿಂದಿನ ಗಾಯದಲ್ಲಿ ಹುಳ ಬಿದ್ದಾಗ ಸೀತಾಫಲದ ಎಲೆ ಜಜ್ಜಿ ಕಟ್ಟಿದರು. ಹುಳ ಉದುರಿ ಗಾಯ ಮಾಗಿದ್ದನ್ನು ನಾನೇ ಕಂಡಿದ್ದೇನೆ. ಬಾಯಿಗೆ ಹಾಕುವ ಯಾವ ಮದ್ದನ್ನಾದರೂ ಮೊದಲು ತಮ್ಮ ನಾಲಿಗೆಗೆ ಇಟ್ಟುಕೊಂಡು, ಸ್ವಲ್ಪ ಹೊತ್ತು ಕಾದು, ಆಮೇಲೆ ನಾಯಿಗೆ ಕೊಡುವುದು ಅವರ ಕ್ರಮ.

“ನನ್ ಬಾಯ್ಗೆ ಆಗ್ದಿದ್ದು ಅದ್ರ ಬಾಯ್ಗೂ ಬ್ಯಾಡ ಕಣವ್ವ. ಅದ್ಕೇನು ಏಳ್ಕೊಳಕ್ ಬತ್ತದಾ?” ಎನ್ನುತ್ತಿದ್ದರು.

ಜಗಲಿಯಿಂದ ದೊಡ್ಡಪ್ಪ, “ನಂಗೆ ಜ್ವರ ಬಂದ್ರೆ ಅಂಗ್ಡಿ ಮಾತ್ರೆ ಬಿಸಾಕ್ತಾಳೆ. ನಾಯ್ಗಾದ್ರೆ ಕಸಾಯ ಕುಡ್ದು ನೋಡ್ತಾಳೆ. ಮುಂದಿನ್ ಜನ್ಮಕ್ಕೆ ನಾಯಾಗೇ ಉಟ್ತೀನಿ” ಎನ್ನುವರು.

“ಈಗೇನ್ ಕಮ್ಮಿ ಬೊಗುಳ್ತಿದ್ದೀರಾ?” ಎಂದು ದೊಡ್ಡಮ್ಮ ಒರಳಿನಿಂದ ತಲೆಯೆತ್ತದೆ ಕೇಳುವರು.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಕೂಸಿನ ಮೈತುಂಬ ಉಣ್ಣೆ ಹುಳ ಹತ್ತಿಕೊಂಡವು. ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಗೊಂಚಲು ಗೊಂಚಲು. ಕೆರೆದು ಕೆರೆದು ಚರ್ಮ ಹಸಿಯಾಗಿತ್ತು. ಬೇವು, ಅರಿಶಿನ ದಿನವೂ ಹಚ್ಚಿದರೂ ಉದುರಿದಷ್ಟೇ ಮತ್ತೆ ಹತ್ತುತ್ತಿದ್ದವು. ನಾಯಿ ಅನ್ನ ಬಿಟ್ಟಿತು. ನಾನು ಭಾನುವಾರ ಹೋದಾಗ ದೊಡ್ಡಮ್ಮ ಅದರ ತುಟಿ ಎತ್ತಿ ಬಿಳಿಚಿಕೊಂಡ ವಸಡು ತೋರಿಸಿದರು. “ರಕ್ತ ಎಲ್ಲಾ ಈರ್ಬುಟ್ಟವೆ. ಇಂಗೇ ಬುಟ್ರೆ ಕೂಸು ಉಳಿಯಾಕಿಲ್ಲ” ಎಂದರು.

“ಬ್ಯಾರನ್ ತುಂಬ ಸೊಪ್ಪು ಮಡಿಕ್ಕೊಂಡು ಬೇವಿನ್ ಮರ ಬೋಳ್ಸ್ತಾ ಕುಂತವ್ಳೆ” ಎಂದರು ದೊಡ್ಡಪ್ಪ. “ನಮ್ಮಪ್ಪ ಎಮ್ಮೆಗೆ ಹೊಗೆಸೊಪ್ಪಿನ್ ನೀರೇ ಉಯ್ತಿದ್ದಿದ್ದು. ಒಂದ್ ಉಳ ನಿಲ್ತಿರ್ನಿಲ್ಲ.”

ದೊಡ್ಡಮ್ಮ ಮುರುಕು ಹೊಗೆಸೊಪ್ಪು, ಪುಡಿ, ಎಲ್ಲವನ್ನೂ ದೊಡ್ಡ ಪಾತ್ರೆಗೆ ಹಾಕಿ ಕುದಿಸಿದರು. ನೀರು ಡಿಕಾಕ್ಷನ್ನಿನಂತೆ ಕಪ್ಪಾಯಿತು. ಆರಿದ ಮೇಲೆ ಅಂಗಳದಲ್ಲಿ ನಾಯಿಯನ್ನು ನಿಲ್ಲಿಸಿ ಚೊಂಬಿನಿಂದ ಹೊಯ್ದು, ಬರಿಗೈಯಲ್ಲಿ ಕೂದಲ ಬುಡದವರೆಗೂ ತಿಕ್ಕಿದರು. ನಾನು ಕಾಫಿ ಲೋಟ ಹಿಡಿದು ನೋಡುತ್ತಿದ್ದೆ. “ಇವತ್ತು ರುಚಿ ನೋಡ್ಲಿಲ್ವಾ ದೊಡ್ಡಮ್ಮ?” ಎಂದು ತಮಾಷೆಗೆ ಕೇಳಿದೆ.

“ಇದು ಮೈಗೆ ಆಕೋದು ಕಣವ್ವ, ಬಾಯ್ಗಲ್ಲ.”

ಹೌದಲ್ಲ, ಅನ್ನಿಸಿತು. ಕೂಸು ಮೈ ಕೊಡವಿ, ಬಿಸಿಲಿನಲ್ಲಿ ಕುಳಿತು, ಎಲ್ಲ ನಾಯಿಗಳೂ ಮಾಡುವಂತೆ ತನ್ನ ಮೈಯನ್ನು ನೆಕ್ಕತೊಡಗಿತು. ಮೊದಲು ಮುಂಗಾಲು, ಆಮೇಲೆ ತೊಡೆ, ಆಮೇಲೆ ಹೊಟ್ಟೆ. ಮೂವರೂ ನೋಡುತ್ತಿದ್ದೆವು. ಯಾರಿಗೂ ಏನೂ ಹೊಳೆಯಲಿಲ್ಲ. ನನ್ನ ತಲೆಯಲ್ಲಿ ಈಗಲೂ ತಿರುಗುವುದು ಆ ನಾಲಿಗೆ. ಅವಸರವಿಲ್ಲದೆ, ಅಚ್ಚುಕಟ್ಟಾಗಿ ಆಡುತ್ತಿದ್ದ ನಾಲಿಗೆ.

ಜೊಲ್ಲು ಸುರಿಯಿತು. ವಾಂತಿಯಾಯಿತು. ಎದ್ದು ನಿಲ್ಲಲು ಹೋಗಿ ಹಿಂಗಾಲು ಮಡಚಿ ಬಿತ್ತು. ನೋಡನೋಡುತ್ತಿದ್ದಂತೆ ಮೈ ಅದುರಿ ನಾಲ್ಕೂ ಕಾಲು ಸೆಟೆದುಕೊಂಡವು. ದೊಡ್ಡಪ್ಪ ವಿಷ ಇಳಿಯಲೆಂದು ಹುಣಸೆ ನೀರು ತಂದು ಬಾಯಿ ಬಿಡಿಸಲು ಹೊರಟಾಗ, ನಾನು ಹಸುಗಳನ್ನು ನೋಡಲು ಬರುವ ಡಾಕ್ಟರಿಗೆ ಫೋನು ಹಚ್ಚಿದ್ದೆ.

“ಬಾಯಿಗೆ ಏನೂ ಹಾಕಬೇಡಿ!” ಎಂದು ಅವರು ಕೂಗಿದರು. “ಸೋಪು ಹಚ್ಚಿ ಬರೀ ನೀರಲ್ಲಿ ಬೇಗ ತೊಳೀರಿ. ನಾನು ಹೊಳೆನರಸೀಪುರದಲ್ಲಿ ಮನೇಲಿದ್ದೀನಿ, ಇಲ್ಲಿಗೇ ತನ್ನಿ.”

ದೊಡ್ಡಮ್ಮನೇ ಮತ್ತೆ ತೊಳೆದರು. ಲಗೇಜ್ ಆಟೋದ ಹಿಂಭಾಗದಲ್ಲಿ ಗೋಣಿಚೀಲ ಹಾಸಿ ಕುಳಿತೆವು. ಕೂಸಿನ ತಲೆ ದೊಡ್ಡಮ್ಮನ ತೊಡೆಯ ಮೇಲಿತ್ತು. ನಾನು ಪಕ್ಕೆಲುಬನ್ನೇ ನೋಡುತ್ತಿದ್ದೆ. ಏರುತ್ತಿತ್ತು, ಇಳಿಯುತ್ತಿತ್ತು, ನಿಲ್ಲುತ್ತಿತ್ತು. ನಿಂತಾಗಲೆಲ್ಲ ದೊಡ್ಡಮ್ಮ “ಕೂಸೇ” ಎನ್ನುವರು. ಅರಕಲಗೂಡು ದಾಟಿದ ಮೇಲೆ ಅವರೇ ಹೊರಗೆ ಬಾಗಿ ವಾಂತಿ ಮಾಡಿಕೊಂಡರು. “ಗಾಡಿ ಕುಲುಕ್ತದೆ, ಅದ್ಕೇಯ” ಎಂದರು. ನಾನೂ ಅದನ್ನೇ ನಂಬಿದೆ.

ಡಾಕ್ಟರು ತಮ್ಮ ಕಾರು ನಿಲ್ಲಿಸುವ ಜಾಗದಲ್ಲೇ ನಾಯಿಯನ್ನು ಮಲಗಿಸಿ, ಇಂಜೆಕ್ಷನ್ ಕೊಟ್ಟು, ಕಿಟಕಿ ಸರಳಿಗೆ ಡ್ರಿಪ್ ಬಾಟಲಿ ಕಟ್ಟಿದರು. ಕೆರೆದುಕೊಂಡ ಗಾಯಗಳಿಂದಲೂ ವಿಷ ಒಳಗಿಳಿದಿದೆ, ನೆಕ್ಕಿದ್ದರಿಂದಲೂ ಇಳಿದಿದೆ ಎಂದರು. ಆಮೇಲೆ ಗೋಡೆಗೆ ಒರಗಿ ಬೆವರುತ್ತಿದ್ದ ದೊಡ್ಡಮ್ಮನನ್ನು ಕಂಡರು.

“ಅಮ್ಮಾ, ಬರಿಗೈಲಿ ತಿಕ್ಕಿದ್ರಾ?”

“ಊಂ ಸಾ.”

“ನಿಮಗೂ ಏರಿದೆ. ಮೊಣಕೈವರೆಗೂ ತೊಳ್ಕೊಂಡು ಮೊದ್ಲು ಆಸ್ಪತ್ರೆಗೆ ಹೋಗಿ.”

“ಅದು ಕಣ್ಬುಡ್ಲಿ ಸಾ, ಓಯ್ತೀನಿ” ಎಂದರು. ದೊಡ್ಡಪ್ಪ ಹೆಂಡತಿಯ ತೋಳು ಹಿಡಿದು ಎಬ್ಬಿಸಿಕೊಂಡು ಹೋದರು. ಆ ನೀರು ಹೇಳಿಕೊಟ್ಟವರು ತಾವು ಎಂಬುದು ಅವರ ಬೆನ್ನಿನಲ್ಲೇ ಕಾಣುತ್ತಿತ್ತು.

ಸಂಜೆಗೆ ಕೂಸು ಕಣ್ಣು ಬಿಟ್ಟಿತು. ಆಸ್ಪತ್ರೆಯ ಬೆಂಚಿನ ಮೇಲಿದ್ದ ದೊಡ್ಡಮ್ಮನಿಗೆ ಹೋಗಿ ಹೇಳಿದೆ. ಅವರು ತಲೆ ಆಡಿಸಿದರು, ಅಷ್ಟೆ. ಎರಡೂ ಕೈಗಳನ್ನು ಮಡಿಲಲ್ಲಿ ಬೇರೆ ಯಾರದೋ ಎಂಬಂತೆ ಇಟ್ಟುಕೊಂಡಿದ್ದರು.

ಉಣ್ಣೆಗೆಂದು ಡಾಕ್ಟರು ಬರೆದುಕೊಟ್ಟಿದ್ದ, ನಾಯಿಯ ಕತ್ತಿನ ಮೇಲೆ ಬಿಡುವ ಹನಿಮದ್ದನ್ನು ಮುಂದಿನ ಭಾನುವಾರ ನಾನು ಹಾಸನದಿಂದ ದೊಡ್ಡಮ್ಮನ ಮನೆಗೆ ತಗೊಂಡು ಹೋದೆ. ಒರಳು ಗೋಡೆಯ ಕಡೆ ಸರಿದಿತ್ತು, ಅದರೊಳಗೆ ಕಸ ಬಿದ್ದಿತ್ತು. ಪಕ್ಕದ ಮನೆಯವರು ತಮ್ಮ ನಾಯಿಯ ಹೊಟ್ಟೆನೋವಿಗೆ ಮದ್ದು ಕೇಳಿ ಬಂದರು. ದಾಳಿಂಬೆ ಸಿಪ್ಪೆಯ ವಿಷಯ ಬಾಯಿತುದಿಯಲ್ಲೇ ಇದ್ದಿರಬೇಕು. ದೊಡ್ಡಮ್ಮ, “ಡಾಕ್ಟ್ರ ತಾವ ಓಗವ್ವ, ನಂಗೇನ್ ಗೊತ್ತು” ಎಂದು ಕಳಿಸಿಬಿಟ್ಟರು.

ಆಮೇಲೆ ಆ ಪುಟ್ಟ ಟ್ಯೂಬನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. “ಇದ್ನ ನಾಲ್ಗೆಗೆ ಇಟ್ಕೊಳಂಗಿಲ್ವಂತಲ್ಲ.”

“ಇಲ್ಲ ದೊಡ್ಡಮ್ಮ. ಮುಟ್ಟೋ ಹಾಗೂ ಇಲ್ಲ.”

“ಮತ್ತೆಂಗವ್ವ ಕೊಡೋದು, ಗೊತ್ತಿಲ್ದಲೆ?”

“ಬಾ ಕೂಸೇ” ಎಂದು ಅವರು ಕೈ ಚಾಚಿದರು. ನಾಯಿ ಬಾಲ ಆಡಿಸುತ್ತ ಹತ್ತಿರ ಬಂತು, ಅಂಗೈ ಮೂಸಿತು, ಬಾಲ ಇಳಿಸಿಕೊಂಡು ಬೇವಿನ ಮರದ ಮರೆಗೆ ಹೋಯಿತು. ದೊಡ್ಡಮ್ಮ ಟ್ಯೂಬನ್ನು ನನ್ನ ಕೈಗೆ ಕೊಟ್ಟು, “ನೀನೇ ಬುಡವ್ವ” ಎಂದು ಒಳಗೆ ಹೋದರು.