ವೈನಿಯ ಕರೆಂಟ್ ಪೇಟಿ

ನಮ್ಮ ವೈನಿ ಉಗುರು ಬೆಳೆಸುತ್ತಿರಲಿಲ್ಲ. ಅಣ್ಣನ ಹೆಂಡತಿಯಾಗಿ ಗಂಗಾವತಿಯ ಅಕ್ಕಿ ವ್ಯಾಪಾರದ ನಮ್ಮ ಮನೆಗೆ ಬಂದ ದಿನವೂ ಗೋರಂಟಿ ಹಚ್ಚಿದ ಬೆರಳ ತುದಿಗಳು ಬೋಳಾಗಿದ್ದವು. ಮಡಿಲಲ್ಲಿಟ್ಟ ಕೈಗಳು ಸುಮ್ಮನಿರದೆ ಸೀರೆಯ ಅಂಚಿನ ಮೇಲೆ ಏನನ್ನೋ ಒತ್ತುತ್ತಿದ್ದವು. ಹೊಸ ಸೊಸೆ ಅಂಜ್ಯಾಳ ಎಂದು ಓಣಿಯ ಹೆಂಗಸರು ಅಂದುಕೊಂಡರು. ಅವರ ಜತೆ ಬಂದ ಕಪ್ಪು ಪೆಟ್ಟಿಗೆ ತೆರೆದ ಮೇಲೆ ನಮಗೆ ಗೊತ್ತಾಯಿತು. ಅದು ಸಿಂಥಸೈಜರ್, ಹಾರ್ಮೋನಿಯಂ ಪೇಟಿಯಂತೆ ಬೆರಳಿನಿಂದ ಒತ್ತಿ ನುಡಿಸುವ, ಕರೆಂಟಿನ ವಾದ್ಯ. ಮುಂಬಯಿಯ ಆರ್ಕೆಸ್ಟ್ರಾವೊಂದರಲ್ಲಿ ನುಡಿಸುತ್ತಿದ್ದ ಅವರ ಸೋದರಮಾವ ಹೊಸದು ಕೊಂಡಾಗ ಹಳೆಯದನ್ನು ಇವರಿಗೆ ಕೊಟ್ಟಿದ್ದನಂತೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಓಣಿಯವರು ಅದನ್ನು ಕರೆಂಟ್ ಪೇಟಿ ಎಂದರು. ಅವ್ವನಿಗೆ ಅದು ಸೇರಲಿಲ್ಲ. "ಮನಿ ತುಂಬ ಅಕ್ಕಿ ಚೀಲ, ಅದರಾಗ ಇದೊಂದು ನಾಟಕ" ಎಂದು ಗೊಣಗುತ್ತಿದ್ದಳು. ವೈನಿ ಎದುರಾಡುತ್ತಿರಲಿಲ್ಲ. ರೊಟ್ಟಿ ಬಡಿದು ಮುಗಿಸಿ, ಕೈ ತೊಳೆದು, ಸೆರಗಿಗೆ ಒರೆಸಿ, ಮತ್ತೊಮ್ಮೆ ಒರೆಸಿ ಆಮೇಲೆ ಪೇಟಿ ಮುಟ್ಟುತ್ತಿದ್ದರು. ಸಾಲಿಯಿಂದ ಬಂದ ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು, "ಹಾಡವಾ, ತಪ್ಪಿದ್ರ ಯಾರು ಹೊಡಿತಾರ?" ಎನ್ನುತ್ತಿದ್ದರು. ನಾನು ತಪ್ಪಿದರೆ ತಾವೂ ಬೇಕೆಂದೇ ತಪ್ಪು ಸ್ವರ ಒತ್ತಿ ನಗುತ್ತಿದ್ದರು.

ಅವರಿಗೆ ಮಗಳು ಹುಟ್ಟಿದಳು. ಕೊಳಲಿನ ದನಿಯ ಗುಂಡಿ ಒತ್ತಿ ಮೆಲ್ಲಗೆ ನುಡಿಸಿದರೆ ಕೂಸು ನಿದ್ದೆ ಹೋಗುತ್ತಿತ್ತು. ಓಡಾಡಲು ಕಲಿತ ಮೇಲೆ ಅದಕ್ಕೆ ಜ್ವರ ಬಂತು. ದವಾಖಾನೆಗೆ ಒಯ್ದರೂ ಉಳಿಯಲಿಲ್ಲ. ಬರಿಗೈಲಿ ಮರಳಿದ ವೈನಿ ಅಣ್ಣನಿಗೆ ಹೇಳಿದ್ದು ಒಂದೇ ಮಾತು: "ಆ ಪೇಟಿ ಎಲ್ಲಿಗರ ಒಯ್ರಿ. ನನ್ನ ಕಣ್ಣಿಗೆ ಕಾಣೂದು ಬ್ಯಾಡ."

ಪೆಟ್ಟಿಗೆ ಕಾಣೆಯಾಯಿತು. ಮಾರಿದ್ದಾರೆ ಎಂದುಕೊಂಡೆವು. ಅದರೊಂದಿಗೆ ಕೂಸಿನ ಹೆಸರೂ ಮನೆಯಿಂದ ಹೋಯಿತು. ಮುಂದೆ ಇಬ್ಬರು ಗಂಡುಮಕ್ಕಳು ಹುಟ್ಟಿದರು. ಅವರಿಗೆ ವೈನಿ ಜೋಗುಳ ಹಾಡಲಿಲ್ಲ.

ವರ್ಷಗಳು ಕಳೆದವು. ನನ್ನ ಮದುವೆ ಗೊತ್ತಾಗಿ ಕುಷ್ಟಗಿಯಿಂದ ಬೀಗರು ಬರುವವರಿದ್ದರು. ಹಾಸಲು ಕೌದಿ ತೆಗೆಯಲೆಂದು ವೈನಿ, ನಾನು ಅಟ್ಟ ಹತ್ತಿದೆವು. ಒಂದು ಗಂಟು ಎತ್ತಲಾಗದಷ್ಟು ಭಾರ. ಬಿಚ್ಚಿದರೆ ಬೇವಿನ ಎಲೆಗಳು, ಪುಡಿಯಾದವೂ ಇದ್ದವು, ಇನ್ನೂ ಹಸಿರಿದ್ದವೂ ಇದ್ದವು. ಅವುಗಳ ನಡುವೆ ಆ ಕಪ್ಪು ಪೆಟ್ಟಿಗೆ. ವೈನಿ ಅದರ ಮುಂದೆ ಕುಳಿತು ಎಲೆಗಳನ್ನು ಸರಿಸಿದರು.

"ಕೌದಿ ಸಿಕ್ಕಿಲ್ಲೇನ?" ಎನ್ನುತ್ತ ಅವ್ವ ಏಣಿಯ ಬುಡಕ್ಕೆ ಬಂದು ಮೇಲೆ ನೋಡಿದಳು.

"ಅತ್ತಿ, ಇದನ್ನ ಮಾರಲಿಲ್ಲೇನ್ರಿ?" ಎಂದರು ವೈನಿ.

"ಮಾರಾಕ ಅದು ನಂದೇನು? ನಿಂದು. ನಿನ್ನ ಗಂಡ ಒಯ್ಯಾಕ ನಿಂತಿದ್ದ, ನಾನ ಇಸಗೊಂಡೆ. ಬ್ಯಾನಿಯೊಳಗ ಆಡಿದ ಮಾತು ಹಿಡಿಬಾರದವಾ."

ರೇಡಿಯೊ ರಿಪೇರಿಯವನು ಅದಕ್ಕೆ ಜೀವ ತಂದ. ಕೆಲವು ಸ್ವರ ಹೊರಡಲೇ ಇಲ್ಲ. ವೈನಿ ಕೊಳಲಿನ ಗುಂಡಿ ಒತ್ತಿ ನುಡಿಸತೊಡಗಿದರು. ನಡುವೆ ಕೈ ನಿಂತಿತು.

"ಇದು ಕೇಳಿದ್ರ ಅಕಿ ಹೆಂಗ ಮಲಗತಿದ್ಲು, ಅಲ್ಲರಿ ಅತ್ತಿ?"

"ಬಾಯಿ ತೆರಕೊಂಡು," ಎಂದಳು ಅವ್ವ.

ವೈನಿ ಅಳುತ್ತಲೇ ನಕ್ಕರು. ಆ ಮಧ್ಯಾಹ್ನವೆಲ್ಲ ಕೂಸಿನ ಹೆಸರು ಹಿಡಿದು ಮಾತಾಡಿದೆವು: ಬೆಲ್ಲ ಕದ್ದದ್ದು, ಚೀಲದ ಮೇಲಿಂದ ಜಿಗಿದದ್ದು. ಊಟಕ್ಕೆ ಬಂದ ಅಣ್ಣ ಬಾಗಿಲಲ್ಲಿ ನಿಂತು ಕೇಳಿದ. ಆಮೇಲೆ ಬಂದು ನಮ್ಮ ನಡುವೆ ಕುಳಿತ. ತಮಗೊಬ್ಬ ಅಕ್ಕ ಇದ್ದಳೆಂದು ಗಂಡುಮಕ್ಕಳಿಗೆ ತಿಳಿದದ್ದು ಅವತ್ತೇ.

ಈಗ ವೈನಿ ಇಲ್ಲ. ಅವರನ್ನು ನೆನೆದಾಗ ಕುಷ್ಟಗಿಯ ನನ್ನ ಮನೆ ಕಣ್ಣಮುಂದೆ ಬರುತ್ತದೆ. ಆಗಷ್ಟೇ ನನ್ನ ಯಜಮಾನರು ತೀರಿಹೋಗಿದ್ದರು. ಬಂದವರೆಲ್ಲ ಹೊಲದ ಬಗ್ಗೆ, ಬಿಸಿಲಿನ ಬಗ್ಗೆ ಮಾತಾಡಿ ಎದ್ದು ಹೋಗುತ್ತಿದ್ದರು. ತೀರಿಕೊಂಡವರ ಮಾತನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ. ವೈನಿ ಬಂದರು. ಕಾಲು ತೊಳೆದು, ನನ್ನ ಪಕ್ಕ ಗೋಡೆಗೆ ಒರಗಿ ಕುಳಿತರು.

"ಅವರ ಸುದ್ದಿ ಹೇಳವಾ. ನಾ ಕೇಳ್ತೀನಿ."

ನಾನು ಹೇಳತೊಡಗಿದೆ. ಗಂಗಾವತಿಗೆ ಕೊನೆಯ ಬಸ್ಸೂ ಹೋಯಿತು. ವೈನಿ ಏಳಲಿಲ್ಲ.